ಹಂಪವ್ವನ ತಂಪು ಪೆಟ್ಟಿಗೆ

ನಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ ಇಡೀ ಲೋಕಕ್ಕಾಗಿ ಪ್ರಾರ್ಥನೆ ಮಾಡುತ್ತೇವೆ. ಪಾಸ್ಟರ್ ದೇವಪುತ್ರಪ್ಪನವರು ಯುದ್ಧ ನಡೆದ ದೇಶಗಳಿಂದ ಸುರುಮಾಡಿ, ಭೂಕಂಪವಾದ ದೇಶಗಳನ್ನು ಮುಗಿಸಿ, ನೆರೆ ಬಂದ ದೇಶಗಳಿಗೆ ತಲುಪುವಷ್ಟರಲ್ಲಿ ಹನ್ನೆರಡೂವರೆ ಆಗಿರುತ್ತದೆ. ಕೊಪ್ಪಳದ ಪಾಳಿ ಬರುವಾಗ ಎಲ್ಲರಿಗೂ ಹಸಿವು. ಹೀಗಾಗಿ ನಮ್ಮೂರಿಗೆ ಒಂದೇ ವಾಕ್ಯ, 'ಇಲ್ಲಿಯವರನ್ನೂ ನೋಡಿಕೋ ತಂದೆಯೇ' ಎಂದು. ಮೂವತ್ತೊಂದು ಮನೆಗಳ ಸಣ್ಣ ಸಭೆ ನಮ್ಮದು. ನಾನು ಶಾಂತಕುಮಾರ, ಫ್ರಿಜ್ ರಿಪೇರಿ ಮಾಡುವವನು. ಸಿಟ್ಟು ಜಾಸ್ತಿ ಎಂದು ಹೆಸರು ಪಡೆದಿದ್ದೇನೆ. ಹಾಗೆ ಹೆಸರಿಟ್ಟವರ ಫ್ರಿಜ್ಜುಗಳನ್ನೂ ನಾನೇ ರಿಪೇರಿ ಮಾಡಿದ್ದೇನೆ.

ನನ್ನ ಅವ್ವನ ಹೆಸರು ಹಂಪವ್ವ. ದೀಕ್ಷಾಸ್ನಾನದ ಹೆಸರು ಬೇರೆ ಒಂದಿದೆ, ಅದನ್ನು ಚರ್ಚಿನ ರಜಿಸ್ಟರ್ ಬಿಟ್ಟು ಯಾರೂ ಬಳಸಿದ್ದಿಲ್ಲ. ಆರು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ ಅಪ್ಪ ತೀರಿಕೊಂಡ. ತಂಗಿ ಸುರೇಖಾ ಮಸ್ಕತ್‌ನಲ್ಲಿ ನರ್ಸು. ಅವಳು ಊರು ಮುಟ್ಟುವುದರೊಳಗೆ ಎರಡು ದಿನವಾಗಿತ್ತು. ಬಿಸಿಲಿಗೆ ಹೆಣ ತಡೆಯುವುದಿಲ್ಲ, ಅಪ್ಪ ತೀರಿಕೊಂಡ ದಿನ ಸಂಜೆಯೇ ಮಣ್ಣು ಮಾಡಿದ್ದೆವು. ಅವಳು ಬ್ಯಾಗು ಸಮೇತ ಸ್ಮಶಾನಕ್ಕೇ ಬಂದು, ಮಣ್ಣಿನ ದಿಬ್ಬದ ಹತ್ತಿರ ಕುಳಿತು, "ಅವ್ವಾ, ಅಪ್ಪನ ಮಾರಿ ಹ್ಯಾಂಗಿತ್ತು?" ಎಂದು ಕೇಳಿದಳು. "ನಕ್ಕಂಗ ಇತ್ತವಾ" ಎಂದಳು ಅವ್ವ. ಅಪ್ಪನ ಮುಖ ನಕ್ಕ ಹಾಗೇನೂ ಇರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಅವ್ವ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಅಂದಿನಿಂದ ಅವಳಿಗೆ ಒಂದೇ ಹಟ. "ನನ್ನ ಮಾರಿ ಸುರೇಖಾ ತನ್ನ ಕಣ್ಣೀಲೆ ನೋಡಬೇಕು. ಯಾರೂ ಆಕಿಗೆ ಹೇಳೂದು ಬ್ಯಾಡ." ಕೊನೆಗೊಂದು ದಿನ ತನ್ನ ಕೈಯ ಎರಡು ಬಂಗಾರದ ಪಾಟ್ಲಿ ಬಿಚ್ಚಿ ಪಾಸ್ಟರರ ಕೈಗೆ ಕೊಟ್ಟಳು. ಹೆಣ ಇಡುವ ತಂಪು ಪೆಟ್ಟಿಗೆ ತರಿಸಿರಿ, ಊರವರೆಲ್ಲ ಬಳಸಲಿ, ನನ್ನ ಪಾಳಿ ಬಂದಾಗ ನನಗೂ ಆಗಲಿ ಎಂದಳು. ಪಾಸ್ಟರರಿಗೆ ಕಣ್ಣಲ್ಲಿ ನೀರು ಬಂತು. ಲೋಕದ ಕೊರತೆಗೆ ಒದಗುವುದು ಎಂಬ ವಿಷಯದ ಮೇಲೆ ಮೂರು ಭಾನುವಾರ ಪ್ರಸಂಗ ಮಾಡಿದರು.

ಹನ್ನೊಂದು ಜನರ ಕಮಿಟಿ ಕುಳಿತು, ಕ್ಯಾಟಲಾಗ್ ನೋಡಿ, ಪೆಟ್ಟಿಗೆ ತರಿಸಿತು. ಏಳು ಅಡಿ ಉದ್ದ, ಸ್ಟೀಲಿನ ತಳ, ಮೇಲೆ ಗಾಜಿನ ಮುಚ್ಚಳ, ಮುಚ್ಚಳಕ್ಕೆ ಕೆಂಪು ರೇಡಿಯಂ ಶಿಲುಬೆ. ಪ್ರತಿಷ್ಠೆಯ ದಿನ ಓಣಿಯವರನ್ನೆಲ್ಲ ಕರೆದಿದ್ದೆವು. ನಮ್ಮ ಪಕ್ಕದ ಮನೆಯ ಈಶಪ್ಪನವರು, ಬೀಜ-ಗೊಬ್ಬರದ ವ್ಯಾಪಾರಿ, ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಪ್ರತಿ ಕ್ರಿಸ್‌ಮಸ್ಸಿಗೆ "ನಿಮ್ಮ ಏಸು ಹುಟ್ಟಿದ್ದು ನಮಗೂ ಗೊತ್ತಾತು, ಇನ್ನರ ಮೈಕ್ ಬಂದ್ ಮಾಡ್ರಿ" ಎಂದು ಗೋಡೆಯಾಚೆಯಿಂದ ಕೂಗುವವರು ಅವರೇ. ಅವರು ಲಾಡು ತಿನ್ನುತ್ತ ಪೆಟ್ಟಿಗೆಯ ಸುತ್ತ ಒಂದು ಸಲ ತಿರುಗಿ ಬಂದು ಹೇಳಿದರು:

"ಮಾಲು ಛಲೋ ಐತ್ರಿ. ಆದ್ರ ನಾವು ಕುಂತು ಹೋಗೂ ಮಂದಿ."

ಅಷ್ಟೊತ್ತಿಗೆ ನಮಗೆ ಹೊಳೆಯಿತು. ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಮೆರವಣಿಗೆ ಮಾಡಿ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಒಮ್ಮೆ ಮಲಗಿಸಿ ಮೈ ಬಿಗಿದರೆ ಮತ್ತೆ ಕೂಡಿಸಲಾಗುವುದಿಲ್ಲ. ನಮ್ಮ ಓಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ ಮನೆಗಳು. ಇನ್ನು ಮುಸಲ್ಮಾನರು ಹೆಣವನ್ನು ಅಷ್ಟು ಹೊತ್ತು ಇಟ್ಟುಕೊಳ್ಳುವವರೇ ಅಲ್ಲ. ಕಮಿಟಿಯ ಹನ್ನೊಂದೂ ಜನ ಇಲ್ಲೇ ಹುಟ್ಟಿದವರು, ಇಂಥ ನೂರು ಮಣ್ಣಿಗೆ ಹೋಗಿ ಬಂದವರು. ಒಬ್ಬನಿಗಾದರೂ ನೆನಪಾಗಬಾರದೇ? ಕ್ಯಾಟಲಾಗಿನಲ್ಲಿ ಮಲಗಿದ ಚಿತ್ರವಿತ್ತು, ನಾವೂ ಮಲಗಿದೆವು. ನನ್ನನ್ನೂ ಸೇರಿಸಿಯೇ ಬೈಯುತ್ತಿದ್ದೇನೆ.

ಒಂದು ವರ್ಷಕ್ಕೂ ಮೇಲೆ ಪೆಟ್ಟಿಗೆ ಚರ್ಚಿನ ಹಿಂದಿನ ಕೋಣೆಯಲ್ಲಿ ಬಿದ್ದಿತ್ತು. ಅದರ ಮೇಲೆ ಬಟ್ಟೆ ಹೊದಿಸಿ, ಭಾನುವಾರ ಚಹದ ಲೋಟ ಇಡುತ್ತಿದ್ದರು. ಅವ್ವ ಮಾತ್ರ ತಿಂಗಳಿಗೊಮ್ಮೆ ನನ್ನನ್ನು ಕಳಿಸಿ, ಅದನ್ನು ಚಾಲೂ ಮಾಡಿ ನೋಡಲು ಹೇಳುತ್ತಿದ್ದಳು. "ತಂಪು ಹಿಡೀತಿಲ್ಲೋ?" "ಹಿಡೀತವಾ." "ಹಂಗಾದ್ರ ಸಾಕು."

ಹೋದ ವರ್ಷ ಮೇ ತಿಂಗಳ ಒಂದು ಮುಂಜಾನೆ ಈಶಪ್ಪನವರು ಚಹ ಕುಡಿದು ಲೋಟ ಕೆಳಗಿಟ್ಟು ಹಾಗೇ ಹೋಗಿಬಿಟ್ಟರು. ನಾನು ಹೋಗುವಷ್ಟರಲ್ಲಿ ಪಡಸಾಲೆಯಲ್ಲಿ ಕೂಡಿಸಿದ್ದರು. ಸುತ್ತ ಐಸಿನ ಗಡ್ಡೆ ಇಟ್ಟಿದ್ದರು, ಅದು ಕಣ್ಣೆದುರೇ ಕರಗಿ ಅಂಗಳಕ್ಕೆ ಹರಿಯುತ್ತಿತ್ತು. ಅವರಿಗೆ ಒಬ್ಬಳೇ ಮಗಳು, ಅಮೃತಾ. ಅರೆಸೇನಾ ಪಡೆಯಲ್ಲಿ ಕಾನ್‌ಸ್ಟೇಬಲ್, ಅಗರ್ತಲಾದಲ್ಲಿ ಡ್ಯೂಟಿ. ರಜೆ ಸಿಕ್ಕಿದೆ, ಹೊರಟಿದ್ದಾಳೆ, ಆದರೆ ಮುಟ್ಟುವುದು ನಾಳೆ ಮಧ್ಯಾಹ್ನ. ಈಶಪ್ಪನವರ ತಮ್ಮನ ಮಗ ಕೊಟ್ರೇಶ ಗಡಿಯಾರ ನೋಡುತ್ತಿದ್ದ. "ನಲವತ್ತೆರಡು ಡಿಗ್ರಿ ಐತ್ರಿ. ಸಂಜಿ ಐದರೊಳಗ ಮಣ್ಣು ಮಾಡಬೇಕಾಕ್ಕತಿ" ಎಂದ.

ಶೇಖರಮ್ಮ, ಈಶಪ್ಪನವರ ಹೆಂಡತಿ, ಗಂಡನ ಪಕ್ಕದಲ್ಲಿ ಕುಳಿತವಳು ನನ್ನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡಳು.

"ಶಾಂತಪ್ಪ, ನಿಮ್ಮ ಪೆಟ್ಟಿಗಿ ಐತಲ್ಲ."

"ಅಕ್ಕಾ, ಅದು ಮಲಗೂ ಪೆಟ್ಟಿಗಿ."

"ಗೊತ್ತೈತಿ. ನೀ ಮೆಕ್ಯಾನಿಕ್ ಅದಿಯಲ್ಲ?"

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದೆ. ಎತ್ತರ ಬೇಕಾದರೆ ಉದ್ದ ಬಿಡಬೇಕು. ಎರಡೂ ಬೇಕೆಂದರೆ ಕಂಪ್ರೆಸರ್ ಒಪ್ಪುವುದಿಲ್ಲ. ತಳವನ್ನು ಅರ್ಧಕ್ಕೆ ಕೊಯ್ದು, ಉಳಿದ ಅರ್ಧದ ತಗಡನ್ನೇ ಬೆನ್ನಿಗೆ ಎತ್ತಿ ನಿಲ್ಲಿಸಬೇಕು. ತಂಪು ಯಾವಾಗಲೂ ಕೆಳಗೇ ಕೂಡುತ್ತದೆ, ಆದರೆ ನೋಡಬೇಕಾದ ಮುಖ ಮೇಲಿರುತ್ತದೆ. ಅದಕ್ಕೆ ತಲೆಯ ಹಿಂದೆ ಒಂದು ಕಾಯಿಲ್, ಒಂದು ಸಣ್ಣ ಫ್ಯಾನ್. ಐದಾರು ತಾಸಿನ ಕೆಲಸ. ಆಗುತ್ತದೆ. ಆದರೆ ಒಮ್ಮೆ ಕೊಯ್ದರೆ ಅದು ಮತ್ತೆ ಮಲಗುವ ಪೆಟ್ಟಿಗೆ ಆಗುವುದಿಲ್ಲ.

ಚರ್ಚಿಗೆ ಹೋದೆ. ಕಮಿಟಿಯ ಸೆಕ್ರೆಟರಿ ಆನಂದಪ್ಪ ಮಾಸ್ತರು, ರಿಟೈರಾದ ಹೆಡ್‌ಮಾಸ್ತರು, ಕನ್ನಡಕ ಹಣೆಗೇರಿಸಿ ಹೇಳಿದರು: "ಸಭೆಯ ಆಸ್ತಿ ಅದು. ಕೊಯ್ಯಬೇಕಂದ್ರ ಠರಾವು ಆಗಬೇಕು. ಮೀಟಿಂಗಿಗೆ ಏಳು ದಿನದ ನೋಟೀಸು ಬೇಕು."

ಈಶಪ್ಪನವರಿಗೆ ಏಳು ದಿನ ಪುರುಸೊತ್ತಿರಲಿಲ್ಲ. ನಾನು ಬಾಯಿ ಮಾಡಿದೆ, ಮಾಸ್ತರೂ ಬಾಯಿ ಮಾಡಿದರು. ಪಾಸ್ಟರರು ನಡುವೆ ಬಂದು, "ದಾನ ಕೊಟ್ಟಾಕಿ ಹೂಂ ಅಂದ್ರ ನಾ ಬರದು ಕೊಡ್ತೀನಿ. ಹಂಪವ್ವನ್ನ ಕೇಳಿ ಬಾ" ಎಂದರು. ನನಗೆ ಬೇಡವಾದದ್ದೂ ಅದೇ.

ಅವ್ವ ಆಗ ಮಂಚ ಹಿಡಿದಿದ್ದಳು. ಕಾಲು ಬಾತಿದ್ದವು, ಉಸಿರು ಸಣ್ಣದಾಗಿತ್ತು. ಡಾಕ್ಟರು ಮುಂದಿನ ಮೇ ತಿಂಗಳ ಮಾತೇ ಎತ್ತುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತೇ ಹೇಳಿದೆ.

"ಕೊಯ್ದ್ರ ಮತ್ತ ನಿನಗ ಆಗಂಗಿಲ್ಲವಾ. ಮೊದಲ ಹೇಳಾಕತ್ತೀನಿ."

ಗೋಡೆಯಾಚೆ ಶೇಖರಮ್ಮನ ಮನೆಯಲ್ಲಿ ಭಜನೆ ಸುರುವಾಗಿತ್ತು.

"ಅಮೃತಾ ಎಲ್ಲೀತನ ಬಂದಾಳ?"

"ಇನ್ನೂ ವಿಮಾನ ಹತ್ತಿಲ್ಲ."

"ಈಶಪ್ಪನ್ನ ಕುಂದ್ರಿಸ್ಯಾರೇನು?"

"ಕುಂದ್ರಿಸ್ಯಾರ."

"ಮತ್ತ ನಿಂತು ಏನು ನೋಡ್ತಿ? ಕೊಯ್ಯಿ ಹೋಗು."

"ಸುರೇಖಾ?" ಎಂದೆ. ನನ್ನ ದನಿ ಏರಿತ್ತು.

"ನಾ ಏನು ಇವತ್ತ ಸಾಯಾಕತ್ತೀನೇನೋ? ಸಾಯೂ ಮುಂದ ನೋಡೂಣಂತ. ಇವತ್ತ ಸತ್ತಾಂವ ಈಶಪ್ಪ." ಹೇಳಿ ಗೋಡೆಯ ಕಡೆ ತಿರುಗಿದಳು. ಮುಖ ಕಾಣಿಸಲಿಲ್ಲ. ನಾನೂ ನೋಡಲು ಹೋಗಲಿಲ್ಲ, ಕೆಲಸವಿತ್ತು.

ಮಧ್ಯಾಹ್ನ ನಾಲ್ಕಕ್ಕೆ ಪೆಟ್ಟಿಗೆ ತಯಾರಾಯಿತು, ಎದುರಿಗೆ ಹೊಸ ಗಾಜು ನಿಲ್ಲಿಸಿದ್ದೆ. ನೋಡಲು ದೇವರ ಮಂಟಪಕ್ಕೂ ಬಸ್‌ಸ್ಟ್ಯಾಂಡಿನ ಟಿಕೆಟ್ ಬೂತಿಗೂ ನಡುವಿನ ಆಕಾರ. ಹಳೆಯ ಮುಚ್ಚಳದ ಜೊತೆ ಶಿಲುಬೆಯೂ ಹೋಗಿತ್ತು. ಆನಂದಪ್ಪ ಮಾಸ್ತರು ಅದನ್ನು ಬಿಡಿಸಿ ತಂದು ಹೊಸದಕ್ಕೆ ಅಂಟಿಸಲೇಬೇಕೆಂದರು. ಜಾಗ ಉಳಿದಿದ್ದು ಹಿಂಬದಿಯ ಕಂಪ್ರೆಸರ್ ಮುಚ್ಚಳದ ಮೇಲೆ ಮಾತ್ರ. ಅಲ್ಲೇ ಅಂಟಿಸಿದರು. ಕೊಟ್ರೇಶ ನೋಡಿದ. ಈಶಪ್ಪನವರನ್ನು ಎತ್ತಿ ಒಳಗೆ ಕೂಡಿಸುವಾಗ ಅವನದೂ ಮಾಸ್ತರದೂ ಕೈ ಒಂದೇ ಕಡೆ ಇದ್ದವು.

ಮರುದಿನ ಮೂರು ಗಂಟೆಗೆ ಅಮೃತಾ ಬಂದಳು. ಯೂನಿಫಾರ್ಮ್ ಮೇಲೆಯೇ, ಬೆನ್ನಿಗೆ ದೊಡ್ಡ ಚೀಲ. ಜನ ದಾರಿ ಬಿಟ್ಟರು. ಅವಳು ಬೂಟು ಬಿಚ್ಚಿ, ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಅಪ್ಪ ಒಳಗೆ ಕುಳಿತಿದ್ದ, ಮಗಳು ಹೊರಗೆ ಕುಳಿತಿದ್ದಳು, ಎರಡೂ ಮುಖ ಒಂದೇ ಮಟ್ಟದಲ್ಲಿದ್ದವು. "ಅಪ್ಪಾ, ಹೋಳಿ ಹುಣ್ಣಿವಿಗೇ ಬರ್ತೀನಿ ಅಂದಿದ್ದೆ, ರಜಾ ಕೊಡಲಿಲ್ಲಪಾ" ಎಂದು ಸುರುಮಾಡಿ ಕಾಲು ತಾಸು ಮಾತಾಡಿದಳು. ನಡುನಡುವೆ ಬೈದಳು ಕೂಡ, ಗುಳಿಗೆ ತಗೊಳ್ಳದಿದ್ದಕ್ಕೆ. ನಾನು ವೋಲ್ಟೇಜ್ ನೋಡುತ್ತ ಕಂಪ್ರೆಸರ್ ಹಿಂದೆ ಕುಳಿತಿದ್ದೆ, ಹೀಗಾಗಿ ನಾನು ಅತ್ತಿದ್ದು ಯಾರಿಗೂ ಕಾಣಲಿಲ್ಲ.

ಅದಾದ ಮೇಲೆ ಫೋನು ಸುರುವಾದವು. "ಕುಂದ್ರೂ ಪೆಟ್ಟಿಗಿ ನಿಮ್ಮಲ್ಲೇ ಐತೇನ್ರಿ?" ಇರಕಲ್ಲಗಡಕ್ಕೆ ಹೋಯಿತು, ಹಿಟ್ನಾಳಕ್ಕೆ ಹೋಯಿತು, ಕುಷ್ಟಗಿಗೆ ಎರಡು ಸಲ, ಯಲಬುರ್ಗಾಕ್ಕೆ ಮೂರು ಸಲ. ಶಬ್ಬೀರಸಾಬ ತನ್ನ ಟೆಂಪೋದಲ್ಲಿ ಒಯ್ಯುತ್ತಿದ್ದ. ಹಿಂದೆ ನಾನು, ಪೆಟ್ಟಿಗೆ ಹಿಡಿದುಕೊಂಡು. ದಾರಿಯಲ್ಲಿ ಜನ ಕೈ ಮುಗಿಯುತ್ತಿದ್ದರು, ಒಳಗೆ ಯಾರೂ ಇಲ್ಲದಾಗಲೂ. ಪಾಸ್ಟರರು ಲೋಕದ ಪ್ರಾರ್ಥನೆಯಲ್ಲಿ ಭೂಕಂಪದ ಮುಂಚೆಯೇ ಯಲಬುರ್ಗಾದ ಹೆಸರು ಹೇಳತೊಡಗಿದರು.

ನಮ್ಮ ಸಭೆಯಲ್ಲಿ ಆ ಅವಧಿಯಲ್ಲಿ ಇಬ್ಬರು ತೀರಿಕೊಂಡರು. ಅವರಿಗೆ ಪೆಟ್ಟಿಗೆ ಆಗಲಿಲ್ಲ, ಮೊದಲಿನಂತೆ ಸಂಜೆಯೇ ಮಣ್ಣು ಮಾಡಿದೆವು. ಆನಂದಪ್ಪ ಮಾಸ್ತರು ನನ್ನ ಎದುರೇ ಅಂದರು, "ಊರಿಗೆ ಉಪಕಾರಿ, ಮನೆಗೆ ಮಾರಿ." ಮಾತು ಖರೇನೇ ಇತ್ತು. ಅವ್ವನಿಗಾಗಿ ಇನ್ನೊಂದು ಮಲಗುವ ಪೆಟ್ಟಿಗೆ ನಾನೇ ಕಟ್ಟಬೇಕೆಂದು ತಗಡು ತಂದಿಟ್ಟಿದ್ದೆ. ಇವತ್ತು ನಾಳೆ ಎನ್ನುತ್ತ ಅದು ಗೋಡೆಗೆ ಒರಗಿಯೇ ಇತ್ತು. ಸೀಸನ್ನಿನಲ್ಲಿ ಊರ ಫ್ರಿಜ್ಜೆಲ್ಲ ನನ್ನ ತಲೆಯ ಮೇಲೆ ಇರುತ್ತವೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಫೆಬ್ರವರಿಯ ಒಂದು ಬುಧವಾರ ಮುಂಜಾನೆ ಹನ್ನೊಂದಕ್ಕೆ ಅವ್ವ ಹೋದಳು. ಸುರೇಖಾಗೆ ಫೋನು ಹಚ್ಚಿದೆ. "ಅಣ್ಣಾ, ನಾಳಿ ಸಂಜಿ ಮುಟ್ಟತೀನಿ" ಎಂದಳು. ಆಮೇಲೆ, "ಇಡ್ತೀಯಲ್ಲ?" ಎಂದು ಕೇಳಿದಳು. ಇಡುತ್ತೇನೆ ಎಂದೆ.

ಫೋನು ಇಟ್ಟವನೇ ಅಂಗಳಕ್ಕೆ ಹೋಗಿ ತಗಡು ಎಳೆದು ಕಟಿಂಗ್ ಮಶೀನ್ ಹಚ್ಚಿದೆ. ಅಂಗಳದಲ್ಲೇ ಇದ್ದ ಕುಳಿತವರ ಪೆಟ್ಟಿಗೆಯ ಬೆನ್ನು ಬಿಚ್ಚಿ, ಹೊಸ ತಗಡು ಜೋಡಿಸಿ, ಉದ್ದ ಮಾಡಬೇಕು, ಗ್ಯಾಸು ತುಂಬಬೇಕು. ಎಷ್ಟೇ ಓಡಾಡಿದರೂ ನಾಳೆ ಮಧ್ಯಾಹ್ನವಾಗುವ ಕೆಲಸ. ಅಲ್ಲಿಯವರೆಗೆ ಅವ್ವನ ಮೈ ತಡೆಯುವುದಿಲ್ಲ. ಅದು ನನಗೆ ಗೊತ್ತಿತ್ತು, ಆದರೂ ಮಶೀನ್ ಹಚ್ಚಿದೆ. ಒಂಬತ್ತು ತಿಂಗಳು ಸುಮ್ಮನಿದ್ದ ನನ್ನ ಮೇಲೆ ನನಗೇ ಹೇಸಿಗೆ ಬಂದಿತ್ತು. ಕಿಡಿ ಹಾರುತ್ತಿದ್ದಾಗ ಯಾರೋ ವೈರು ಕಿತ್ತರು. ನೋಡಿದರೆ ಶೇಖರಮ್ಮ.

"ಇದನ್ಯಾಕ ಹಾಳ ಮಾಡಾಕತ್ತಿ?"

"ಉದ್ದ ಮಾಡ್ತೀನಿ. ವೈರು ಹಚ್ಚಕ್ಕಾ, ನನ್ನ ತಲಿ ಕೆಡಸಬ್ಯಾಡ."

"ಮೈ ಬಿಗಿಯೂಕಿಂತ ಮೊದಲ ಕುಂದ್ರಸಬೇಕು. ಹೊತ್ತಿಲ್ಲ. ನೀ ಇದನ್ನ ಚಾಲೂ ಮಾಡು, ನಾವು ಒಳಗ ನೋಡ್ಕೊಂತೀವಿ."

"ನಮ್ಮಾಗ ಕುಂದ್ರಸಂಗಿಲ್ಲಕ್ಕಾ!" ಎಂದು ನಾನು ಓಣಿಗೆಲ್ಲ ಕೇಳುವ ಹಾಗೆ ಒದರಿದೆ.

ಶೇಖರಮ್ಮನಿಗೆ ನನ್ನ ಒದರಾಟ ಮೂವತ್ತು ವರ್ಷದಿಂದ ರೂಢಿ. "ನಿಮ್ಮವ್ವ ದಸರಾದಾಗ ನನ್ನ ಕರಸಿ ಹೇಳ್ಯಾಳ. ಹ್ಯಾಂಗ ಕುಂದ್ರಸ್ತೀರಿ, ಬೆನ್ನಿಗೆ ಏನು ಕೊಡ್ತೀರಿ, ಕುತ್ತಿಗಿ ಹ್ಯಾಂಗ ನಿಲ್ಲಸ್ತೀರಿ ಅಂತ ಎಲ್ಲಾ ಕೇಳಿ ತಿಳಕೊಂಡಾಳ. ಪೆಟ್ಟಿಗಿ ಮತ್ತ ಕೊಯ್ಯಾಕ ಬಿಡಬ್ಯಾಡ, ಅದು ಮಂದೀಗೆ ಬೇಕಾಗೇತಿ, ನನ್ನ ಅದರಾಗ ಕುಂದ್ರಸು, ಸುರೇಖಾ ನೋಡಿದ್ರ ಸಾಕು ಅಂದ್ಲು."

"ನನಗ್ಯಾಕ ಹೇಳಲಿಲ್ಲ?"

"ನಿನಗ ಹೇಳಿದ್ರ ಕೂಗ್ಯಾಡ್ತಿ ಅಂದ್ಲು."

ನಾನು ಮಶೀನ್ ಕೆಳಗಿಟ್ಟೆ.

ಶೇಖರಮ್ಮ ಮತ್ತು ಓಣಿಯ ನಾಲ್ಕು ಹೆಂಗಸರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಮ್ಮ ಸಭೆಯ ಹೆಂಗಸರು ಪಕ್ಕದಲ್ಲಿ ನಿಂತು ಕಲಿತರಂತೆ. ಬಿಳಿ ಸೀರೆ ಉಡಿಸಿ, ಬೆನ್ನಿಗೆ ಹಲಗೆ ಕೊಟ್ಟು, ಎದೆಗೆ ಬಟ್ಟೆ ಸುತ್ತಿ, ಗದ್ದ ಎತ್ತಿ ನಿಲ್ಲಿಸಿದರು. ರೂಢಿಯಂತೆ ಶೇಖರಮ್ಮನ ಕೈ ವಿಭೂತಿಗೆ ಹೋಗಿ, ಅರ್ಧಕ್ಕೆ ನಿಂತು, ಅವ್ವನ ಕೂದಲು ಸರಿಮಾಡಿ ವಾಪಸ್ ಬಂತಂತೆ. ಇದೆಲ್ಲ ಆಮೇಲೆ ಕೇಳಿದ್ದು. ನಾನು ಹೊರಗೆ ಸ್ಟೆಬಿಲೈಜರ್ ಜೋಡಿಸುತ್ತಿದ್ದೆ, ಗ್ಯಾಸು ನೋಡುತ್ತಿದ್ದೆ, ಕರೆಂಟು ಹೋದರೆ ಇರಲಿ ಎಂದು ಶಬ್ಬೀರಸಾಬನ ಜನರೇಟರ್ ತರಿಸುತ್ತಿದ್ದೆ.

ಮರುದಿನ ಸಂಜೆ ಸುರೇಖಾ ಬಂದಳು. ಪಡಸಾಲೆಯಲ್ಲಿ ಅವ್ವ ಗಾಜಿನ ಹಿಂದೆ ಕುಳಿತಿದ್ದಳು. ಸುರೇಖಾ ಎದುರಿಗೆ ಕುಳಿತು, ಮೊದಲು ನರ್ಸಿನ ಹಾಗೆ ಕಾಲಿನ ಬಾವು ನೋಡಿದಳು, ಆಮೇಲೆ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಕೊನೆಗೆ ನನ್ನ ಕಡೆ ತಿರುಗಿ, "ಅಣ್ಣಾ, ಅವ್ವ ನಕ್ಕಿಲ್ಲ. ಯಾರಿಗೋ ಬೈಯಾಕ ತಯಾರಾದಂಗ ಅದಾಳ" ಎಂದು ಅತ್ತಳು, ಅಳುತ್ತಲೇ ನಕ್ಕಳು. ನಾನು ಕಂಪ್ರೆಸರ್ ಹಿಂದಿನಿಂದ ಹೂಂ ಎಂದೆ.

ಮರುದಿನ ಮುಂಜಾನೆ ಮಣ್ಣು ಮಾಡುವ ಸಮಸ್ಯೆ ಬಂತು. ಕುಳಿತ ಅವ್ವ ನಮ್ಮ ಶವಪೆಟ್ಟಿಗೆಗೆ ಹಿಡಿಸುವುದಿಲ್ಲ. ನಮ್ಮ ಗುಣಿ ತೋಡುವವನಿಗೆ ಉದ್ದದ್ದು ಬಿಟ್ಟು ಬೇರೆ ಗೊತ್ತಿಲ್ಲ. ಕೊಟ್ರೇಶ ಇಬ್ಬರನ್ನು ಕರೆತಂದು ನಾಲ್ಕು ಅಡಿ ಚೌಕದ ಗುಣಿ ತೋಡಿಸಿದ. ಆನಂದಪ್ಪ ಮಾಸ್ತರು ಗುಣಿಯನ್ನೊಮ್ಮೆ, ಪಾಸ್ಟರರನ್ನೊಮ್ಮೆ ನೋಡಿದರು.

"ಪಾಸ್ಟರ್ರ, ಇದು ನಡೀತೈತೇನ್ರಿ? ಪುನರುತ್ಥಾನದ ದಿನ ಏನರ ತ್ರಾಸು ಆದ್ರ?"

ಪಾಸ್ಟರರು ನಿಜವಾಗಿಯೂ ಯೋಚಿಸಿದರು. "ಮಾಸ್ತರ, ಅವತ್ತ ಎಲ್ಲಾರೂ ಏಳಬೇಕು ಅಂತ ಐತಿ. ಅಲ್ಲೀತನ ಮಲಗೇ ಇರಬೇಕು ಅಂತ ಎಲ್ಲೂ ಇಲ್ಲ. ಹಂಪವ್ವಗ ಏಳೂದು ಅರ್ಧ ಮುಗದೈತಿ." ಮಾಸ್ತರು ತಲೆಯಾಡಿಸಿದರು.

"ಒಬ್ಬರು ಒಳಗಿಳಿದು ಕುಂದ್ರಸಬೇಕ್ರಿ" ಎಂದ ಕೊಟ್ರೇಶ. "ನಮ್ಮಾಗ ಮಗ ಇಳೀತಾನ."

ಇಳಿದೆ. ಮೇಲಿನಿಂದ ಮೂವರು ಬಟ್ಟೆ ಹಿಡಿದು ಅವ್ವನನ್ನು ಇಳಿಸಿದರು. ನಾನು ತಬ್ಬಿ ಹಿಡಿದು ಮಣ್ಣಿನ ಗೋಡೆಗೆ ಒರಗಿಸಿದೆ. ಮೈ ಇನ್ನೂ ತಣ್ಣಗಿತ್ತು. ಸೆರಗು ಸರಿ ಮಾಡಿದೆ, ಕೈ ಎರಡನ್ನೂ ಮಡಿಲಲ್ಲಿ ಇಟ್ಟೆ. ಅಷ್ಟೇ ಕೆಲಸ, ಮೇಲೆ ಬರಬೇಕಿತ್ತು. ಬರಲಾಗಲಿಲ್ಲ. ಗುಣಿ ಇಕ್ಕಟ್ಟಾಗಿತ್ತು, ಮೊಣಕಾಲು ಮಡಚಿ ಅವ್ವನ ಎದುರಿಗೆ ನಾನೂ ಕುಳಿತೆ. ಎರಡು ದಿನದಿಂದ ವೈರು ನೋಡಿದ್ದೆ, ಮೀಟರ್ ನೋಡಿದ್ದೆ, ಗಾಜಿಗೆ ಹಬೆ ಹಿಡಿಯದಂತೆ ಒರೆಸಿದ್ದೆ.

ಪಾಸ್ಟರರ ಪ್ರಾರ್ಥನೆ ಮುಗಿಯಿತು. ಎರಡು ಕಡೆಯ ಜನವೂ ಕೈಯಲ್ಲಿ ಮಣ್ಣು ಹಿಡಿದು ನಿಂತಿದ್ದರು. ಆನಂದಪ್ಪ ಮಾಸ್ತರು ಬಗ್ಗಿ, ಮೆಲ್ಲಗೆ ಕರೆದರು.

"ಶಾಂತಕುಮಾರ, ಬಾರಪಾ ಮ್ಯಾಲೆ. ಹೊತ್ತಾತು. ಎಲ್ಲಾರೂ ಮಾರಿ ನೋಡ್ಯಾರ."

"ತಡೀರಿ ಮಾಸ್ತರ" ಎಂದೆ. "ನಾ ಇನ್ನೂ ನೋಡಿಲ್ಲ."